ಅಕ್ಕನ ಹಗ್ಗದ ಎರಡು ಗಂಟು

ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ಧೈರ್ಯ ಸಾಲುವುದಿಲ್ಲ. ನನ್ನ ಅಕ್ಕ ಹೊನ್ನಮ್ಮನ ಎಡಗಾಲು ಹೋದದ್ದು ಸಕ್ಕರೆ ಕಾಯಿಲೆಯಿಂದ ಎಂದು ಊರೆಲ್ಲ ಹೇಳುತ್ತದೆ. ಕಾಯಿಲೆ ಇದ್ದದ್ದು ನಿಜ. ಆದರೆ ಡಾಕ್ಟರು ಮಾಡಿಸಿಕೊಟ್ಟ ಚಪ್ಪಲಿಯನ್ನು ಗದ್ದೆಯ ಅಂಚಿನಲ್ಲಿ ಬಿಚ್ಚಿಸಿದವನು ನಾನು. ಬಿಚ್ಚಿಸಿ, ಆಮೇಲೆ ತಪ್ಪನ್ನು ಅವಳ ತಲೆಗೇ ಕಟ್ಟಿದೆ.

ನಾನು ಕಲಿತದ್ದು ಕನ್ನಡ ಸಾಲೆಯ ನಾಲ್ಕನೇ ಇಯತ್ತೆಯವರೆಗೆ. ಕಾರವಾರದ ಬೈತಖೋಲ ಬಂದರದಲ್ಲಿ ಮೂಟೆ ಹೊತ್ತು ವಯಸ್ಸಾಯಿತು. ಬರೆಯುವ ಅಭ್ಯಾಸವಿಲ್ಲ. ಆದರೆ ಕಾರವಾರದ ಸರಕಾರಿ ದವಾಖಾನೆಗೆ ಈಗಲೂ ಹೋಗುತ್ತಿರುತ್ತೇನೆ. ಅಲ್ಲಿ ಬೆಂಚಿನ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತವರ ಪಕ್ಕದಲ್ಲಿ ಒಬ್ಬ ತಮ್ಮನೋ ಮಗನೋ ನೆಲ ನೋಡುತ್ತ ಕೂತಿರುತ್ತಾನೆ. ಅವನನ್ನು ಕಂಡಾಗಲೆಲ್ಲ ಇದನ್ನು ಅವನಿಗೆ ಹೇಳಬೇಕು ಅನ್ನಿಸುತ್ತದೆ. ಬಾಯಲ್ಲಿ ಹೇಳಲಾಗಲಿಲ್ಲ, ಅದಕ್ಕೆ ಬರೆದೆ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ತೀರಿಕೊಂಡ. ಅಂಕೋಲೆಯ ಹತ್ತಿರ ಹೊಳೆಬದಿಯ ನಮ್ಮ ಊರಿಗೆ ತಿರುಗಿ ಬಂದಳು. ನಮ್ಮದು ಗಜನಿ ಗದ್ದೆ. ಒಂದು ಕಡೆ ಉಪ್ಪುನೀರಿನ ಹೊಳೆ, ಇನ್ನೊಂದು ಕಡೆ ಭತ್ತ, ನಡುವೆ ಒಂದು ಮಣ್ಣಿನ ಕಟ್ಟು. ಕಟ್ಟಿನಲ್ಲಿ ಒಂದು ತೂಬು. ಸಮುದ್ರ ಉಬ್ಬಿ ಹೊಳೆಗೆ ಭರತ ಬಂದಾಗ ತೂಬಿನ ಹಲಗೆ ಇಳಿಸಬೇಕು, ಇಳಿತದಲ್ಲಿ ಎತ್ತಿ ಗದ್ದೆಯ ನೀರು ಹೊರಗೆ ಬಿಡಬೇಕು. ಒಂದು ದಿನ ಮರೆತರೆ ಉಪ್ಪುನೀರು ಒಳಗೆ ನಿಲ್ಲುತ್ತದೆ. ನಮ್ಮ ಕಗ್ಗ ಭತ್ತ ಉಪ್ಪು ತಾಳುವಂಥದ್ದು, ಆದರೆ ಅದಕ್ಕೂ ಒಂದು ಮಿತಿ ಇದೆ. ಆ ಹಲಗೆಯನ್ನು ಮೂವತ್ತು ವರ್ಷ ಅಕ್ಕನೇ ನೋಡಿಕೊಂಡಳು. ನಾನು ಕಾರವಾರದಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಅವಳ ಜೊತೆಗಿದ್ದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕ ಬಳಲತೊಡಗಿದಳು. ಕೊಡದ ನೀರು ಮಧ್ಯಾಹ್ನದೊಳಗೆ ಅವಳೊಬ್ಬಳಿಗೇ ಖಾಲಿ. ಬೇಯಿಸಿದ ಭತ್ತ ಹರವುತ್ತ ಕೂತಲ್ಲೇ ನಿದ್ದೆ. ಒಮ್ಮೆ ಒಲೆಯ ಕೆಂಡ ಪಾದದ ಮೇಲೆ ಬಿದ್ದರೂ ಅವಳಿಗೆ ಗೊತ್ತಾಗಲಿಲ್ಲ, ವಾಸನೆ ಬಂದು ಗಿರಿಜಾ ನೋಡಿದಳು. ಆಗ ಕಾರವಾರಕ್ಕೆ ಕರೆದುಕೊಂಡು ಹೋದೆ.

ಉಚ್ಚೆ ತರಲು ಹೇಳಿದ್ದರು. ಅಕ್ಕ ಅದನ್ನು ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ ತುಂಬಿ, ಬಾಳೆಎಲೆ ಸುತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದಿದ್ದಳು. ತಪಾಸಣೆ ಮಾಡುವವನು ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಇದ್ರ ಮೇಲೆ ಎಣ್ಣೆ ತೇಲ್ತದಲ್ಲ."

"ಒಗ್ಗರಣೆಗೆ ಆಗ್ತದೆ" ಎಂದಳು ಅಕ್ಕ. ಬೆಂಚಿನವರೆಲ್ಲ ನಕ್ಕರು. ಅಲ್ಲಿ ನಗು ಕೇಳಿದ್ದು ಆ ದಿನ ಅದೊಂದೇ ಸಲ.

ಸಕ್ಕರೆ ಇದೆ ಎಂದು ಡಾಕ್ಟರು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು.

"ಮೀನು ತಿನ್ಬಹುದಾ?"

"ತಿನ್ನಬಹುದು. ಅನ್ನ ಕಡಿಮೆ ಮಾಡಿ."

"ಹಂಗಾರೆ ನಾ ಬದುಕ್ತೆ."

ಡಾಕ್ಟರು ಅವಳ ಪಾದಗಳನ್ನು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡು ಪೆನ್ನಿನ ತುದಿಯಿಂದ ಚುಚ್ಚಿದರು. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಚುಚ್ಚುತ್ತಿದ್ದಾರೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿ, ಇನ್ನು ಮುಂದೆ ಇವರು ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಬಾರದು, ಅದು ನಿಮ್ಮ ಜವಾಬ್ದಾರಿ ಎಂದರು. ನಾನು ತಲೆಯಾಡಿಸಿದೆ.

ಪೇಟೆಯಲ್ಲಿ ಒಬ್ಬ ಚಮ್ಮಾರನಿಗೆ ಚೀಟಿ ಕೊಟ್ಟು ಚಪ್ಪಲಿ ಹೊಲಿಸಿದೆವು. ಕರಿಯ ಮೆತ್ತನೆ ರಬ್ಬರಿನ ದಪ್ಪ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಹಾಕಿಕೊಂಡು ಬಸ್ಸು ಹತ್ತಿದಳು. ನಮ್ಮೂರಿನ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಿದ್ದಳು. ಚಪ್ಪಲಿ ನೋಡಿದಳು.

"ಹೊನ್ನಕ್ಕ, ಇದು ಕುಷ್ಠದವ್ರಿಗೆ ಕೊಡೂ ಚಪ್ಪಲ್ ಅಲ್ದಾ?"

"ಅವ್ರಿಗೂ ಕೊಡ್ತ್ರು. ರೋಗ ಯಾವ್ದಾದ್ರೂ ಕಾಲು ಕಾಲೇ" ಎಂದಳು ಅಕ್ಕ.

ಆ ಹೆಂಗಸು ಸ್ವಲ್ಪ ಹೊತ್ತಿಗೆ ಎದ್ದು ಮುಂದಿನ ಸೀಟಿಗೆ ಹೋದಳು. ಅಕ್ಕ ಖಾಲಿಯಾದ ಜಾಗದಲ್ಲಿ ತನ್ನ ಚೀಲ ಇಟ್ಟುಕೊಂಡು ಆರಾಮಾಗಿ ಕೂತಳು. ನನಗೆ ಮಾತ್ರ ಮೈಯೆಲ್ಲ ಸುಟ್ಟ ಹಾಗಾಯಿತು. ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತು. ನಮ್ಮ ಮನೆಯಲ್ಲಿ ನೀರು ಕುಡಿಯುತ್ತಿದ್ದ ಒಂದಿಬ್ಬರು ಕುಡಿಯುವುದು ಬಿಟ್ಟರು. ಕುಷ್ಠವಾದರೂ ನಾಚಬೇಕಾದದ್ದು ಏನಿತ್ತು ಎಂದು ಇಂದು ಕೇಳಿಕೊಳ್ಳುತ್ತೇನೆ. ಆಗ ನಾನು ಅಷ್ಟು ದೊಡ್ಡ ಮನಸ್ಸಿನವನಾಗಿರಲಿಲ್ಲ.

ಎರಡು ವರ್ಷ ಅಕ್ಕ ಆ ಚಪ್ಪಲಿ ಬಿಡಲಿಲ್ಲ. ಕಟ್ಟಿನ ಮೇಲೂ ಹಾಕಿಕೊಂಡೇ ನಡೆದಳು. ಆಮೇಲೆ ಕದಿರು ತರುವ ದಿನ ಬಂತು.

ನಮ್ಮಲ್ಲಿ ಹೊಸ ಭತ್ತದ ಮೊದಲ ತೆನೆಗಳಿಗೆ ಗದ್ದೆಯಲ್ಲೇ ಪೂಜೆ ಮಾಡಿ, ಕೊಯ್ದು ಮನೆಗೆ ತರುತ್ತೇವೆ. ಬಾಗಿಲಿಗೆ ಕಟ್ಟುತ್ತೇವೆ. ಅಂದು ಗದ್ದೆಗೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಅನ್ನ ಕೊಡುವ ಮಣ್ಣು ಎಂಬ ಭಾವನೆ. ಅಕ್ಕಪಕ್ಕದ ಗದ್ದೆಯವರೆಲ್ಲ ಕಟ್ಟಿನ ಮೇಲೆ ಸೇರಿದ್ದರು. ಅಕ್ಕ ಕೈಯಲ್ಲಿ ಹರಿವಾಣ ಹಿಡಿದು ಆ ಕರಿಯ ಚಪ್ಪಲಿಯಲ್ಲಿ ಬರುತ್ತಿದ್ದಳು. ಎಲ್ಲರ ಕಣ್ಣು ಅವಳ ಕಾಲಿನ ಮೇಲೆ.

ನಾನು ಅಡ್ಡ ಹೋಗಿ ಸಣ್ಣ ದನಿಯಲ್ಲಿ ಹೇಳಿದೆ. "ಅಕ್ಕಾ, ಇವತ್ತೊಂದಿನ ತೆಗಿ. ಕದಿರಿನ ದಿನ ಚಪ್ಪಲ್ ಹಾಕ್ಕಂಡು ಇಳಿಯೂದಾ?"

"ಡಾಕ್ಟ್ರು ಎಂತಾ ಹೇಳಿದ್ರು, ಮರ್ತ್ಯಾ?"

"ಡಾಕ್ಟ್ರಿಗೆ ಗದ್ದೆ ಇಲ್ಲ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಗದ್ದೆಯ ಮರ್ಯಾದೆ ನನ್ನ ನೆಪ, ಒಳಗೆ ಇದ್ದದ್ದು ಆ ಬಸ್ಸಿನ ಸೀಟು ಎಂದು ಅವಳಿಗೆ ಅರ್ಥವಾಗಿತ್ತು. ಈಗ ಅದು ನನಗೆ ಖಂಡಿತ. ಆದರೂ ಬಗ್ಗಿ ಪಟ್ಟಿ ಬಿಚ್ಚಿದಳು. ಚಪ್ಪಲಿಗಳನ್ನು ಕಟ್ಟಿನ ಮೇಲೆ ಜೋಡಿಸಿಟ್ಟು ಇಳಿದಳು.

ಕದಿರು ಮನೆ ಮುಟ್ಟುವವರೆಗೂ ಬರಿಗಾಲೇ. ಪೂಜೆಯಾಗಿ ತಿರುಗಿ ಬರುವಾಗ ಕಟ್ಟಿನ ಮೇಲೆ ಅಲ್ಲಲ್ಲಿ ಕೆಂಪು ಕಂಡೆ. ಪೂಜೆಯ ಕುಂಕುಮ ಚೆಲ್ಲಿದೆ ಎಂದುಕೊಂಡು ಅದನ್ನು ದಾಟಿ ನಡೆದೆ. ಮನೆಗೆ ಬಂದು ಕಾಲು ತೊಳೆಯುವಾಗ ಗಿರಿಜಾ ಕೂಗಿದಳು. ಬಳಚಿನ ಚಿಪ್ಪಿನ ಒಂದು ಚೂರು ಅಕ್ಕನ ಎಡ ಅಂಗಾಲಿನಲ್ಲಿ ಪೂರ್ತಿ ಹೊಕ್ಕಿತ್ತು. ಅವಳು ಅದರ ಮೇಲೇ ಒಂದು ಮೈಲು ನಡೆದು ಬಂದಿದ್ದಳು.

ಅರಿಶಿನ ಹಚ್ಚಿದೆವು. ಹತ್ತು ದಿನ ಹಾಗೇ ಕಳೆದೆವು, ಅದೂ ನಮ್ಮದೇ ತಪ್ಪು. ಪಾದ ಕಪ್ಪಾದ ಮೇಲೆ ಕಾರವಾರ.

ಅದೇ ಡಾಕ್ಟರು. ಗಾಯವನ್ನು ಒರೆಸಿ ನೋಡಿದರು. ಆಮೇಲೆ ಕೇಳಿದರು, "ಚಪ್ಪಲಿ ಎಲ್ಲಿ ಹೋಗಿತ್ತು?"

ನಾನು ಹೇಳಿದೆ. "ಎಷ್ಟು ಹೇಳಿದ್ರೂ ಕೇಳೂದಿಲ್ಲ ಸಾಹೇಬ್ರೆ. ಗದ್ದೆಗೆ ಚಪ್ಪಲ್ ಹಾಕಿದ್ರೆ ಪಾಪ ಅಂತಾಳೆ. ಹಟಮಾರಿ."

ವಾರ್ಡಿನ ಎಲ್ಲರೂ ಕೇಳುವ ಹಾಗೆ ಡಾಕ್ಟರು ಅವಳನ್ನು ಬೈದರು. ಬೈಗುಳ ಅಲ್ಲ, ಸಂಕಟ. ಇಷ್ಟು ತಿಳಿಸಿ ಹೇಳಿದ ಮೇಲೂ ಹೀಗೆ ಮಾಡಿದಿರಲ್ಲ ಎಂದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಲ್ಲ ಎನ್ನಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಆ ದಿನಗಳ ನೆನಪು ನನಗೆ ತುಂಡು ತುಂಡು. ಪಕ್ಕದ ಹಾಸಿಗೆಯಲ್ಲಿ ಮಾಜಾಳಿಯ ಒಬ್ಬ ಅಜ್ಜಿ ಇದ್ದರು. ಅವರ ಮಗಳು ದಿನವೂ ಗಂಜಿ ತರುತ್ತಿದ್ದಳು. ಕೇಳದೆಯೇ ಅಕ್ಕನಿಗೂ ಒಂದು ಬಟ್ಟಲು ಇಡುತ್ತಿದ್ದಳು, ಜೊತೆಗೆ ಸುಟ್ಟ ಒಣಮೀನಿನ ಒಂದು ತುಂಡು. ಅಕ್ಕ ಕಾಲು ಕಳಕೊಂಡ ಮೇಲೆ ಮೊದಲು ಬಾಯಿ ತೆರೆದದ್ದು ಆ ಮೀನಿಗೆ. ಉಪ್ಪು ಸರಿ ಇದೆ ಎಂದಳು. ನಾನು ಹೊರಗೆ ಹೋಗಿ ನಳದ ಹತ್ತಿರ ನಿಂತು ಅತ್ತೆ.

ಮನೆಗೆ ಬಂದ ಮೇಲೆ ಊರುಗೋಲು ಹಿಡಿದು ಅಂಗಳ ದಾಟಲು ಕಲಿತಳು. ಕೃತಕ ಕಾಲೂ ಸಿಕ್ಕಿತು. ಮನೆಯೊಳಗೆ ಮಾತ್ರ, ದೂರ ನಡೆದರೆ ಚರ್ಮ ಒಡೆಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಗದ್ದೆ ಒಂದು ಮೈಲು. ತೂಬಿನ ಹಲಗೆ ನೋಡಲು ಕೂಲಿಗೆ ಜನ ಇಟ್ಟೆವು, ಆ ವರ್ಷ ಎರಡು ಸಲ ಮರೆತರು. ಅರ್ಧ ಬೆಳೆ ಉಪ್ಪಿಗೆ ಹೋಯಿತು.

ಅಕ್ಕಪಕ್ಕದ ಗದ್ದೆಯವರು ಸಿಗಡಿ ಸಾಕುವವರಿಗೆ ಗದ್ದೆ ಕೊಡತೊಡಗಿದ್ದರು. ನೆರೆಯ ಬೀರಣ್ಣ ನಮ್ಮ ಜಗಲಿಗೂ ಬಂದ.

"ಹೊನ್ನಕ್ಕ, ನೀನೂ ಕೊಟ್ಬಿಡು. ಸುಮ್ಮಂಗೆ ಕೂತ್ಕಂಡು ಉಣ್ಣು. ಇನ್ನು ನಿಂಗೆ ಹೋಗೂಕೆ ಬರೂಕೆ ಎಲ್ಲಿ ಆಗ್ತದೆ?"

"ಕಾಲು ಹೋತು. ಗದ್ದೆ ಎಲ್ಲಿಗೂ ಹೋಗ್ಲಿಲ್ಲ ಬೀರಾ. ಚಾ ಕುಡದು ಹೋಗು."

ಅವನು ಹೋದ ಮೇಲೆ ನನ್ನನ್ನು ಕರೆದಳು. "ತಮಾ, ನಂಗೊಂದು ಗಾಡಿ ನೋಡು. ಮಳೆ ಹಿಡಿಯೂದ್ರೊಳಗೆ ನಾ ಕಟ್ಟಿನ ಮೇಲೆ ಇರಬೇಕು. ಇಲ್ದಿದ್ರೆ ಬರೂ ವರ್ಷ ಗದ್ದೇಲಿ ಸಿಗಡಿ ಈಜ್ತದೆ."

ಮರುದಿನ ಗಿರಿಜಾಳ ಕೈಯಲ್ಲಿ ಒಂದು ತೆಂಗಿನ ನಾರಿನ ಹಗ್ಗ ಕೊಟ್ಟು ಗದ್ದೆಗೆ ಕಳಿಸಿದಳು. ಕಟ್ಟಿನ ಅತಿ ಇಕ್ಕಟ್ಟಾದ ಜಾಗದಲ್ಲಿ ಅಡ್ಡಕ್ಕೆ ಹಿಡಿದು ಅಳೆದು ಒಂದು ದೊಡ್ಡ ಗಂಟು. ಆಮೇಲೆ ನಮ್ಮ ಜಗಲಿಯ ಎತ್ತರ ಅಳೆದು ತಾನೇ ಇನ್ನೊಂದು ಸಣ್ಣ ಗಂಟು ಹಾಕಿದಳು. ಜಗಲಿಯ ಮೇಲೆ ಅವಳು ಯಾರ ಕೈ ಹಿಡಿಯದೆ ಕೂತು ಏಳಬಲ್ಲಳು. ಅಕ್ಕ ಏನನ್ನು ಅಳೆದರೂ ಹಗ್ಗದಲ್ಲೇ. ಬಾಗಿಲು, ಕಣಜ, ಕೊಟ್ಟಿಗೆಯ ಕಂಬ, ಎಲ್ಲವನ್ನೂ ಗಂಟಿನಲ್ಲಿ ನೆನಪಿಡುತ್ತಿದ್ದಳು.

"ದೊಡ್ಡ ಗಂಟಿಗಿಂತ ಅಗಲ ಬೇಡ. ಸಣ್ಣ ಗಂಟಿಗಿಂತ ಎತ್ತರ ಬೇಡ. ಇದ್ರೊಳಗೆ ಯಾವ ಗಾಡಿ ಬತ್ತದೋ ಅದು ನಂದು" ಎಂದಳು.

ನಾನು ಹಗ್ಗವನ್ನು ಚೀಲಕ್ಕೆ ಹಾಕಿ ಮರೆತೆ. ನನಗೆ ಬೇಕಾಗಿದ್ದದ್ದು ಬೇರೆ. ರೈಲು ದಾರಿಯ ಕೆಲಸ ನಡೆದಿದ್ದ ಕಾಲ. ಒಬ್ಬ ಕಂತ್ರಾಟುದಾರ ತನ್ನ ಹಳೆಯ ಜೀಪು ಕೊಡುವವನಿದ್ದ. ಅಕ್ಕನನ್ನು ಜೀಪಿನಲ್ಲಿ ಕೂರಿಸಿ ಊರಿನ ನಡುವೆ ಒಯ್ಯಬೇಕು, ಅವಳ ತಮ್ಮ ಅವಳಿಗೆ ಎಷ್ಟು ಮಾಡಿದ ಎಂದು ಎಲ್ಲರೂ ನೋಡಬೇಕು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಒಬ್ಬ ಚಾಲಕನ ಸಮೇತ ಅಂಗಳಕ್ಕೆ ತಂದು ನಿಲ್ಲಿಸಿದೆ, ನೋಡಿ ಒಪ್ಪಿದರೆ ಇಟ್ಟುಕೊಳ್ಳುವ ಮಾತಿನ ಮೇಲೆ.

ಅಕ್ಕ ಹತ್ತಲಾಗಲಿಲ್ಲ. ನಾನೂ ಚಾಲಕನೂ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದೆವು. ಗದ್ದೆಯ ದಾರಿ ಮುಗಿದು ಕಟ್ಟು ಶುರುವಾಗುವಲ್ಲಿ ಜೀಪು ನಿಂತಿತು. ಮುಂದೆ ಹೋಗುವುದು ಸಾಧ್ಯವಿರಲಿಲ್ಲ. ತೂಬು ಅಲ್ಲಿಂದ ಒಂದು ಕಡ್ಡಿಯಷ್ಟು ಕಾಣುತ್ತಿತ್ತು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ತಿರುಗಿ ಬಂದೆವು. ಇಳಿಸಿದೆವು.

ಚಾಲಕ ಚಾ ಕುಡಿಯಲು ಒಳಗೆ ಹೋದಾಗ ಅವಳು ಹೇಳಿದಳು. "ಮುಳುಗ್ಸೂಕೆ ಒಯ್ಯೂ ಗಣಪತಿ ಹಂಗೆ ಎತ್ತಿದ್ರಿ ನನ್ನ."

"ಅಕ್ಕಾ, ರೂಢಿ ಆಗ್ತದೆ."

"ಹಗ್ಗ ಎಲ್ಲಿ?"

ಹಗ್ಗ ಇನ್ನೂ ನನ್ನ ಚೀಲದ ತಳದಲ್ಲೇ ಇತ್ತು.

"ಈ ಜೀಪು ಬೇಕಾದ್ದು ನಂಗಲ್ಲ ತಮಾ, ನಿಂಗೆ. ನೀ ಎಂತಕೆ ತಂದೆ ಅಂತ ನಂಗೆ ಗೊತ್ತು. ಕದಿರಿನ ದಿನದಿಂದ ನೀ ನನ್ನ ಮುಖ ಸಮಾ ನೋಡ್ಲಿಲ್ಲ."

ಆಗ ಹೇಳಿದೆ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದದ್ದು. ಗದ್ದೆಯ ಮರ್ಯಾದೆಗಲ್ಲ, ಊರಿನ ನಾಚಿಕೆಗೆ ಬಿಚ್ಚಿಸಿದೆ ಎಂದೆ. ಡಾಕ್ಟರ ಮುಂದೆ ಸುಳ್ಳು ಹೇಳಿದೆ ಎಂದೆ. ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ.

"ನೀ ಬಿಚ್ಚು ಅಂದೆ, ನಾ ಬಿಚ್ಚಿದೆ. ನಂಗೂ ಬಾಯಿ ಇತ್ತಲ್ಲ. ಕಾಲಿನ ಲೆಕ್ಕ ನಾವಿಬ್ರೂ ಅರ್ಧರ್ಧ. ಆದ್ರೆ ಡಾಕ್ಟ್ರು ನನ್ನ ದಡ್ಡಿ ಅಂದ್ಕಂಡಾರೆ. ಅದು ಪೂರ್ತಿ ನಿಂದು. ಹೋಗಿ ಹೇಳಿ ಬಾ. ಆಮೇಲೆ ಗಾಡಿ ಮಾತು."

ಜೀಪು ಅದೇ ದಿನ ತಿರುಗಿ ಹೋಯಿತು.

ಮರುದಿನ ದವಾಖಾನೆಯ ಬೆಂಚಿನ ಮೇಲೆ ಕೂತೆ. ಡಾಕ್ಟರ ಬಾಗಿಲೆದುರಿನ ಮಡಕೆಯಿಂದ ಎರಡು ಸಲ ನೀರು ಕುಡಿದೆ. ನನ್ನ ಸರದಿ ಬಂದಾಗ ಡಾಕ್ಟರು ಎಂತ ತೊಂದರೆ ಎಂದರು. ತೊಂದರೆ ನನಗಲ್ಲ ಎಂದು ಶುರುಮಾಡಿ ಎಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ನಿಮ್ಮ ಅಕ್ಕನ ಕ್ಷಮೆ ನಾನೂ ಕೇಳಬೇಕು" ಎಂದರು. ಆಮೇಲೆ, "ಇಲ್ಲಿ ಕೂತಾಗಿಂದ ಎರಡು ಸಲ ನೀರು ಕುಡಿದಿರಿ. ಯಾವಾಗಿಂದ ಹೀಗೆ?"

ನಾನು ಯೋಚಿಸಿರಲೇ ಇಲ್ಲ. ಬಂದರದ ಬಿಸಿಲು ಎಂದುಕೊಂಡಿದ್ದೆ.

"ಚಪ್ಪಲಿ ಬಿಚ್ಚಿ. ಕಾಲು ಇಲ್ಲಿಡಿ."

ಅವರು ಚುಚ್ಚಿದ ಹತ್ತು ಜಾಗದಲ್ಲಿ ನಾಲ್ಕು ನನಗೆ ತಿಳಿಯಲಿಲ್ಲ. ಮಧ್ಯಾಹ್ನದೊಳಗೆ ತಪಾಸಣೆಯ ಚೀಟಿ ಬಂತು. ಸಕ್ಕರೆ ನನಗೂ ಇತ್ತು.

ಹೆದರಿಕೆ ಎಂದರೆ ಏನು ಎಂದು ಅಂದು ತಿಳಿಯಿತು. ಅಕ್ಕ ಅದನ್ನು ಒಬ್ಬಳೇ ಹೊತ್ತು ಬಸ್ಸಿನಲ್ಲಿ ಆರಾಮಾಗಿ ಕೂತಿದ್ದಳು. ಮನೆಗೆ ಬಂದು ಹೇಳಿದಾಗ ಗಿರಿಜಾ ಕಂಬ ಹಿಡಿದು ನಿಂತಳು. ಅಕ್ಕ ಮಾತ್ರ, "ಮೀನು ತಿನ್ಬಹುದು, ಹೆದರ್ಬೇಡ" ಎಂದಳು. ಆಮೇಲೆ, "ಡಾಕ್ಟ್ರಿಗೆ ಹೇಳ್ದ್ಯಾ?"

"ಹೇಳ್ದೆ."

"ಹಂಗಾರೆ ಹಗ್ಗ ತೆಗಿ."

ಈ ಸಲ ಹಗ್ಗ ಹಿಡಿದೇ ಹೋದೆ. ಪವರ್ ಟಿಲ್ಲರಿನ ಗಾಡಿ ನೋಡಿದೆ, ಅಗಲ ಗಂಟಿಗಿಂತ ಒಂದು ಗೇಣು ಹೆಚ್ಚು. ಅದನ್ನು ನಡೆಸಲು ಇನ್ನೊಬ್ಬರು ಬೇಕು, ಅದರ ಕುಲುಕಾಟಕ್ಕೆ ಅವಳ ಕಾಲಿನ ಚರ್ಮ ತಾಳುವುದಿಲ್ಲ. ಅಂಗವಿಕಲರಿಗೆ ಕೊಡುವ ಕೈಪೆಡಲಿನ ಮೂರು ಗಾಲಿಯ ಸೈಕಲ್ಲು ಎರಡೂ ಗಂಟಿಗೆ ಸರಿ ಹೊಂದಿತು. ಅಕ್ಕನೇ ಕೂತು ನೋಡಿದಳು. ಕಟ್ಟಿನ ಏರು ಹತ್ತಲಿಲ್ಲ. "ಇದ್ರಲ್ಲಿ ಹೊಳೆಬದಿಗೆ ಕೂತ್ರೆ ದೋಣಿಯವ್ರು ಚಿಲ್ಲರೆ ಹಾಕಿ ಹೋತ್ರು" ಎಂದು ಇಳಿದಳು.

ಕೊನೆಗೆ ದಾರಿ ಸಿಕ್ಕಿದ್ದು ಬೈತಖೋಲದಲ್ಲಿ. ಅಲ್ಲಿ ಮೀನು ಸಾಗಿಸುವ ಗಾಡಿಗಳಿಗೆ ಬೆಸುಗೆ ಹಾಕುವ ಪಾಂಡು ಮೇಸ್ತ ಇದ್ದ. ನಾನು ದಿನವೂ ಕಾಣುವ ಮನುಷ್ಯ. ಹಗ್ಗವನ್ನು ಅವನ ಮುಂದೆ ಹಾಕಿದೆ. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿ, "ಈ ಹಗ್ಗದ ಅಮ್ಮನ್ನ ಕರ್ಕೊಂಡು ಬಾ. ಹಗ್ಗಕ್ಕೆ ಗಾಡಿ ಮಾಡೂದಿಲ್ಲ ನಾನು, ಮನುಷ್ಯರಿಗೆ ಮಾಡ್ತೇನೆ" ಎಂದ.

ಅಕ್ಕನನ್ನು ಬಸ್ಸಿನಲ್ಲಿ ಕರೆತಂದೆ. ಮೀನು ಹರಾಜಿನ ಗದ್ದಲದ ನಡುವೆ ಅವಳು ಒಂದು ಮೀನಿನ ಪೆಟ್ಟಿಗೆಯ ಮೇಲೆ ಕೂತಳು. ಮೇಸ್ತ ಒಂದು ಹಳೆಯ ಸ್ಕೂಟರು ತೋರಿಸಿದ. ಹಿಂದೆ ಎರಡು ಪಕ್ಕದ ಗಾಲಿ ಹಾಕಿ, ನಡುವೆ ಬೀಜದ ಮೂಟೆ ಇಡುವಷ್ಟು ಹಲಗೆ ಕೂರಿಸುತ್ತೇನೆ, ನಿಂತಲ್ಲಿ ನಿಲ್ಲುತ್ತದೆ, ಬೀಳುವುದಿಲ್ಲ ಎಂದ.

"ಒದ್ದು ಚಾಲೂ ಮಾಡ್ಬೇಕಲ್ಲ. ಉಳಿದ ಕಾಲಿಗೂ ಪೆಟ್ಟಾದ್ರೆ?" ಎಂದಳು ಅಕ್ಕ.

ಮೇಸ್ತ ತಲೆ ಕೆರೆದುಕೊಂಡು ತನ್ನ ಕೊಂಕಣಿಯಲ್ಲಿ ಒಪ್ಪಿದ. "ಬರೆಂ, ಬಾಯಿ. ಒದಿಯೂ ಕಡ್ಡಿಗೆ ಒಂದು ಉದ್ದ ರಾಡು ಬೆಸಿತೇನೆ. ಕೈಯಲ್ಲಿ ಎಳಿ. ಬ್ರೇಕೂ ಕೈಗೇ ತರ್ತೇನೆ."

"ಗೇರು ಎಷ್ಟು?"

"ನಾಕು."

"ಎರಡು ಸಾಕು. ನಂಗೆ ಗೋವಾಕ್ಕೆ ಹೋಗೂದಿಲ್ಲ."

ಮೇಸ್ತ ನಕ್ಕು ಹಗ್ಗ ಕೈಗೆತ್ತಿಕೊಂಡ. ಗಾಲಿಗಳ ಅಚ್ಚನ್ನು ದೊಡ್ಡ ಗಂಟಿಗೆ ಕತ್ತರಿಸಿದ. ಇಷ್ಟು ಇಕ್ಕಟ್ಟಾದರೆ ಮಗುಚುತ್ತದೆ ಎಂದು ನಾನು ಹೆದರಿದೆ. ಸೀಟು ಸಣ್ಣ ಗಂಟಿಗೆ ಇಳಿದರೆ ಮಗುಚುವುದಿಲ್ಲ ಎಂದು ಅವನು ತೋರಿಸಿದ. ಒಂದು ಗಂಟು ಇನ್ನೊಂದನ್ನು ಹಿಡಿದಿತ್ತು.

ಅಕ್ಕನಿಗೆ ಆಗ ಅರವತ್ತು ದಾಟಿತ್ತು. ಸೈಕಲ್ಲೂ ಗೊತ್ತಿರದ ಹೆಂಗಸು. ಬೇಸಾಯವಿಲ್ಲದ ಗದ್ದೆಯಲ್ಲಿ ದಿನವೂ ಬೆಳಿಗ್ಗೆ ಅಭ್ಯಾಸ ಮಾಡಿದಳು. ಒಮ್ಮೆ ಬೀರಣ್ಣನ ಹುಲ್ಲಿನ ಬಣವೆಗೆ ನುಗ್ಗಿದಳು. "ಗಾಡಿ ನಿಲ್ಲೂಕೆ ಜಾಗ ನೋಡ್ತಿತ್ತು" ಎಂದಳು. ಕಟ್ಟಿನ ಮೇಲೆ ಚಿರೇಕಲ್ಲಿನ ಪುಡಿ ಹಾಸಿಸಿದಳು. ಮಳೆಗೆ ಎಂಟು ದಿನ ಇರುವಾಗ, ಊರುಗೋಲನ್ನು ಪಕ್ಕಕ್ಕೆ ಕಟ್ಟಿಕೊಂಡು, ಯಾರೂ ಎತ್ತದೆ, ತಾನೇ ಕೂತು, ತಾನೇ ರಾಡು ಎಳೆದು ತೂಬಿನವರೆಗೆ ಹೋದಳು. ಹಲಗೆಯನ್ನು ಮುಟ್ಟಿ ನೋಡಿ, ಹೊಳೆಯ ನೀರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದಳು. ಆ ಮಳೆಗಾಲ ಗಾಡಿ ಎರಡು ಸಲ ಹೂತಿತು, ನಾವು ತಳ್ಳಿದೆವು. ಆದರೆ ಹಲಗೆ ಒಂದು ದಿನವೂ ತಪ್ಪಲಿಲ್ಲ. ಗದ್ದೆ ಸಿಗಡಿಗೆ ಹೋಗಲಿಲ್ಲ.

ನನಗೆ ಗುಳಿಗೆ ಶುರುವಾಗಿತ್ತು. ಅದೇ ಚಮ್ಮಾರ ನನಗೂ ಚಪ್ಪಲಿ ಹೊಲಿದ, ಅದೇ ಕರಿಯ ರಬ್ಬರು, ಅದೇ ಪಟ್ಟಿ. ಕಾರವಾರದಲ್ಲಿ ಹಾಕಿಕೊಳ್ಳುತ್ತಿದ್ದೆ. ಊರಿನ ಬಸ್ಸು ಇಳಿಯುವ ಮೊದಲು ಬಿಚ್ಚಿ ಚೀಲದಲ್ಲಿ ಇಡುತ್ತಿದ್ದೆ. ಇದನ್ನೂ ಒಪ್ಪಿಕೊಳ್ಳಬೇಕು. ಅಷ್ಟೆಲ್ಲ ಆದ ಮೇಲೂ.

ಕದಿರಿನ ದಿನ ಬಂತು. ಕಟ್ಟಿನ ಮೇಲೆ ಮೊದಲಿನ ಹಾಗೆಯೇ ಜನ. ಅಕ್ಕ ಸ್ಕೂಟರಿನ ಹಲಗೆಯ ಮೇಲೆ ಹರಿವಾಣ ಇಟ್ಟುಕೊಂಡು ಬಂದು ಅಂಚಿನಲ್ಲಿ ನಿಲ್ಲಿಸಿದಳು. ಆ ಸಲ ತೆನೆ ಕೊಯ್ಯುವುದು ನಾನು. ಕೈಯಲ್ಲಿ ಕುಡುಗೋಲು, ಹೆಗಲಿಗೆ ಚೀಲ, ಬರಿಗಾಲು. ಅಕ್ಕ ನನ್ನ ಕಾಲು ನೋಡಿದಳು. ಕೈ ಚಾಚಿ ಚೀಲ ಎಳೆದು, ಚಪ್ಪಲಿಗಳನ್ನು ಹೊರಗೆ ತೆಗೆದು ಎಲ್ಲರೂ ಕಾಣುವ ಹಾಗೆ ಕಟ್ಟಿನ ಮೇಲೆ ಇಟ್ಟಳು.

"ಹಾಕ್ಕ."

"ಅಕ್ಕಾ, ಕದಿರಿನ ದಿನ—"

"ಗದ್ದೆ ನಂದು. ನಾ ಹೇಳ್ತೆ, ಹಾಕ್ಕ."

ಬೀರಣ್ಣ ನೋಡುತ್ತಿದ್ದ. ಬಸ್ಸಿನಲ್ಲಿ ಎದ್ದು ಹೋದ ಆ ಹೆಂಗಸೂ ಇದ್ದಳು. ನಾನು ಬಗ್ಗಿ ಒಂದೊಂದೇ ಪಟ್ಟಿ ಬಿಗಿದೆ. ಆಮೇಲೆ ಗದ್ದೆಗೆ ಇಳಿದೆ. ಕಾಲಡಿಯಲ್ಲಿ ಒಣಗಿದ ಮಣ್ಣಿನ ಹೆಂಟೆ ಪುಡಿಯಾಯಿತು, ಒಂದು ಚಿಪ್ಪು ರಬ್ಬರಿನ ಕೆಳಗೆ ಚಟಕ್ಕೆಂದು ಮುರಿಯಿತು.

ಹಿಂದಿನಿಂದ ಅಕ್ಕ ಕೂಗಿದಳು. "ಬೇಗ ಕೊಯ್ಯಾ ತಮಾ. ಭರತ ಬರೂ ಹೊತ್ತಾತು, ನಂಗೆ ಹಲಗೆ ಇಳಿಸೂದದೆ."